ಫ್ರಿಜ್ಜಿನ ಮೇಲಿನ ನ್ಯಾಯಪೆಟ್ಟಿಗೆ

"ಇವತ್ತಿನಿಂದ ಈ ಮನೇಲಿ ಅನ್ಯಾಯ ಅನ್ನೋ ಮಾತಿಗೇ ಜಾಗ ಇಲ್ಲ!" ಎಂದು ಇನ್‌ಸ್ಪೆಕ್ಟರ್ ಸಾಹೇಬರು ಘೋಷಿಸಿದ್ದು ಬುಧವಾರ ಸಂಜೆ, ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು. ನೆಲದ ಮೇಲೆ ನಿಂತು ಹೇಳಿದ್ದರೂ ಎಲ್ಲರಿಗೂ ಕೇಳಿಸುತ್ತಿತ್ತು. ಆದರೆ ಅವರ ಕೈಯಲ್ಲೊಂದು ಪುಟ್ಟ ಬಿಳಿ ಪೆಟ್ಟಿಗೆಯಿತ್ತು. ಅದನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಕೂರಿಸಬೇಕಿತ್ತು.

ಇನ್‌ಸ್ಪೆಕ್ಟರ್ ಅಂದ ತಕ್ಷಣ ಲಾಠಿ, ಪಿಸ್ತೂಲು ಅಂತೆಲ್ಲ ಹೆದರಬೇಡಿ. ನಮ್ಮ ಸಾಹೇಬರು ತೂಕ ಮತ್ತು ಅಳತೆ ಇಲಾಖೆಯವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡುವವರು. ತಾವು ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನಡುಗುತ್ತವೆ ಎಂಬುದು ಅವರದೇ ಹೇಳಿಕೆ. ಅವರ ಕರಿ ಬ್ಯಾಗಿನಲ್ಲಿ ಎರಡು ಬಗೆಯ ಅಂಟುಚೀಟಿಗಳಿರುತ್ತವೆ. ಹಸಿರು ಚೀಟಿಯ ಮೇಲೆ 'ಪರೀಕ್ಷಿಸಿದೆ, ಸರಿಯಿದೆ'. ಕೆಂಪು ಚೀಟಿಯ ಮೇಲೆ 'ತೂಕದಲ್ಲಿ ಮೋಸ, ಬಳಸಕೂಡದು'. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಕೆಂಪು ಚೀಟಿ ಅಂಟಿಸುವಾಗ ಒಮ್ಮೆಯೂ ಅವರ ಕೈ ಅಳುಕಿದ್ದಿಲ್ಲ.

ಅವರ ಹೆಂಡತಿ ಹಲ್ಲಿನ ಡಾಕ್ಟರು. ದಿನವಿಡೀ ಊರಿನವರ ಬಾಯಿ ತೆರೆಸಿ, ಸಂಜೆ ಮನೆಗೆ ಬಂದು ಒಬ್ಬರ ಬಾಯಿ ಮುಚ್ಚಿಸುವುದು ಅವರ ದಿನಚರಿ. "ಏನ್ರೀ ಅದು ಡಬ್ಬಿ?" ಎಂದರು ಡಾಕ್ಟರಮ್ಮ.

"ಡಬ್ಬಿ ಅಲ್ಲ ಕಣೇ, ನ್ಯಾಯಪೆಟ್ಟಿಗೆ! ಕೃತಕ ಬುದ್ಧಿ! ಮನೆಯ ಕೆಲಸ ಯಾರು ಎಷ್ಟು ಮಾಡಿದ್ದಾರೆ ಅಂತ ತೂಗಿ ನೋಡಿ, ಮುಂದೆ ಯಾರು ಏನು ಮಾಡ್ಬೇಕು ಅಂತ ಅದೇ ಹೇಳುತ್ತೆ. ಅದಕ್ಕೆ ಹೆಂಡ್ತಿ ಇಲ್ಲ, ಅತ್ತೆ ಇಲ್ಲ, ಯಾರ ಮುಲಾಜೂ ಇಲ್ಲ!"

"ಪುಣ್ಯವಂತ ಪೆಟ್ಟಿಗೆ" ಎಂದರು ಅತ್ತೆ. ಅವರು ಡಾಕ್ಟರಮ್ಮನ ತಾಯಿ, ನಿವೃತ್ತ ಹೆಡ್‌ಮಿಸ್ಟ್ರೆಸ್. ಅಳಿಯನ ಯಾವ ಮಾತಿಗೂ ಅವರು ಪೂರ್ತಿ ಮಾರ್ಕು ಕೊಟ್ಟ ಉದಾಹರಣೆ ಇಲ್ಲ.

ಪೆಟ್ಟಿಗೆ ಬರಲು ಕಾರಣ ಬರುವ ಭಾನುವಾರ. ಅವತ್ತು ಮಧ್ಯಾಹ್ನ ಅತ್ತೆಯ ಹಳೆಯ ಸ್ನೇಹಿತೆಯರು, ಹನ್ನೆರಡು ಮಂದಿ ನಿವೃತ್ತ ಟೀಚರುಗಳು ಊಟಕ್ಕೆ ಬರುವವರಿದ್ದರು. ಯಾರಾದರೊಬ್ಬರು ಬೆಳಗಿನಿಂದ ಅಡುಗೆಮನೆಯಲ್ಲಿ ನಿಲ್ಲಲೇಬೇಕು. ಆದರೆ ಸಾಹೇಬರಿಗೆ ಅವತ್ತೇ ಇಲಾಖೆಗಳ ನಡುವಿನ ಟೇಬಲ್ ಟೆನಿಸ್ ಫೈನಲ್! ಹದಿನಾರು ವರ್ಷ ಮೊದಲ ಸುತ್ತಿನಲ್ಲೇ ಸೋತು ಬಂದವರು ಈ ವರ್ಷ ಫೈನಲ್ ತಲುಪಿದ್ದರು. ಎದುರಾಳಿಗಳನ್ನು ಹೇಗೆ ಮಣ್ಣು ಮುಕ್ಕಿಸಿದರು ಎಂಬ ಕಥೆಯನ್ನು ಮನೆಯವರು ಆಗಲೇ ಒಂಬತ್ತು ಸಲ ಕೇಳಿದ್ದರು. ಇತ್ತ ಡಾಕ್ಟರಮ್ಮನಿಗೂ ಅವತ್ತೇ ಪರೀಕ್ಷೆ. ಐವತ್ತನೇ ವಯಸ್ಸಿನಲ್ಲಿ ಈಜು ಕಲಿಯಲು ಸೇರಿ, ಮೂರು ತಿಂಗಳು ನೀರು ಕುಡಿದು, ಈ ಭಾನುವಾರ ಕೊಳದ ಈ ತುದಿಯಿಂದ ಆ ತುದಿಗೆ ಯಾರ ಕೈಯೂ ಹಿಡಿಯದೆ ಈಜಿ ತೋರಿಸಬೇಕಿತ್ತು. ಅದಕ್ಕೆಂದೇ ಒಂದು ನೀಲಿ ಟೋಪಿ ಕೊಂಡಿದ್ದರು. "ಭಾನುವಾರ ನಂದು!" "ಇಲ್ಲ, ನಂದು!" ಎಂಬ ಜಗಳ ಸೋಮವಾರದಿಂದ ಬುಧವಾರದವರೆಗೆ ಎಡೆಬಿಡದೆ ನಡೆದಿತ್ತು.

"ಅಪ್ಪಾ, ಅದಕ್ಕೆ ಏನು ತೋರಿಸ್ತೀರಿ?" ಎಂದು ಕೇಳಿದಳು ಮಗಳು. ಅವಳು ಕಾಲೇಜಿಗೆ 'ಯಂತ್ರಗಳ ಕೈಗೆ ತೀರ್ಮಾನ ಕೊಡಬಹುದೆ?' ಎಂಬ ಪ್ರಬಂಧ ಬರೆಯುತ್ತಿದ್ದಳು. ಹಾಗಾಗಿ ಪೆಟ್ಟಿಗೆಯನ್ನು ಕಂಡು ಅವಳಿಗೊಬ್ಬಳಿಗೇ ನಿಜವಾಗಿ ಕುತೂಹಲ ಹುಟ್ಟಿತ್ತು.

"ನಮ್ಮ ರಿಜಿಸ್ಟರು!" ಎಂದರು ಸಾಹೇಬರು, ಮೀಸೆಯ ಮೇಲೆ ಕೈಯಾಡಿಸುತ್ತ.

ಈ ಮನೆಯಲ್ಲೊಂದು ರಿಜಿಸ್ಟರಿದೆ. ಫ್ರಿಜ್ಜಿನ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿದ ಉದ್ದನೆಯ ಪುಸ್ತಕ. ಹನ್ನೊಂದು ವರ್ಷದ ಹಿಂದೆ ಸಾಹೇಬರೇ ಶುರುಮಾಡಿದ್ದು, ವರ್ಷಕ್ಕೊಂದು ಪುಸ್ತಕ. ಯಾರೇ ಮನೆಕೆಲಸ ಮಾಡಲಿ, ಮಾಡಿದವರೇ ದಿನಾಂಕ, ಕೆಲಸ, ಹಿಡಿದ ಸಮಯ ಬರೆಯಬೇಕು. ಬರೆಯದ ಕೆಲಸ ಲೆಕ್ಕಕ್ಕಿಲ್ಲ. ನಿಯಮವೇನೋ ಎಲ್ಲರಿಗೂ ಒಂದೇ. ಆದರೆ ಕೆಲಸ ಮಾಡುವವರ ಕೈ ಒದ್ದೆಯಿರುತ್ತದೆ, ಇಲ್ಲವೆ ಹಿಟ್ಟು ಮೆತ್ತಿರುತ್ತದೆ. ಒಣಗಿದ ಕೈ ಇರುತ್ತಿದ್ದದ್ದು ಸಾಹೇಬರೊಬ್ಬರದೇ! ಹಾಗಾಗಿ ಹನ್ನೊಂದು ವರ್ಷ ಅವರೊಬ್ಬರೇ ಬರೆದರು. ಬಹಳ ಚೆನ್ನಾಗಿಯೂ ಬರೆದರು.

"ಅದಕ್ಕೆ ಸ್ವಂತ ಕಣ್ಣಿಲ್ಲ ಅಪ್ಪಾ. ನೀವು ಬರೆದಿದ್ದನ್ನೇ ನಿಜ ಅಂದ್ಕೊಳ್ಳುತ್ತೆ."

"ನಿಜ ಅಂದ್ಕೊಳ್ಳೋದೇನು, ನಿಜವೇ!" ಎಂದು ಸಾಹೇಬರು ಹನ್ನೊಂದು ಪುಸ್ತಕಗಳ ಒಂದೊಂದು ಪುಟದ ಫೋಟೋ ತೆಗೆದು ಪೆಟ್ಟಿಗೆಗೆ ಉಣಬಡಿಸಿದರು. ನಡುವೆ ಫೋನಿನಲ್ಲಿ ಮೂವತ್ತೆರಡು ಪುಟದ ಷರತ್ತುಗಳು ಬಂದವು. ಅಂಗಡಿಯವರಿಗೆ "ಸಹಿ ಮಾಡೋ ಮುಂಚೆ ಪ್ರತಿ ಸಾಲೂ ಓದ್ರೀ!" ಎಂದು ಗದರುವ ಸಾಹೇಬರು, ಹೆಬ್ಬೆರಳಿನಿಂದ ಮೂವತ್ತೆರಡು ಪುಟವನ್ನೂ ಒಂದೇ ಉಸಿರಿಗೆ ಮೇಲೆ ತಳ್ಳಿ 'ಒಪ್ಪಿದೆ' ಎಂದು ಒತ್ತಿಬಿಟ್ಟರು. ಆಮೇಲೆ ಒಂದು ಕಾಗದದಲ್ಲಿ 'ಪೆಟ್ಟಿಗೆಯ ತೀರ್ಪೇ ಅಂತಿಮ. ಮೇಲ್ಮನವಿ ಇಲ್ಲ' ಎಂದು ಬರೆದು ನಾಲ್ವರ ಸಹಿ ಹಾಕಿಸಿದರು. ಡಾಕ್ಟರಮ್ಮ ಸಹಿ ಮಾಡುವಾಗ ಅವರ ಮುಖ ನೋಡಿದರು. ಈ ಮನುಷ್ಯನಿಗೆ ಗೆಲ್ಲುವ ಭರವಸೆ ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಗುರುವಾರ ಬೆಳಗಿನ ತಿಂಡಿಯ ಹೊತ್ತಿಗೆ ಪೆಟ್ಟಿಗೆ ಬಾಯಿಬಿಟ್ಟಿತು.

"ಮಾನ್ಯರೇ, ಹನ್ನೊಂದು ವರ್ಷಗಳ ದಾಖಲೆಯನ್ನು ಪರಿಶೀಲಿಸಲಾಗಿದೆ. ಈ ಮನೆಯ ಕೆಲಸದಲ್ಲಿ ನೂರಕ್ಕೆ ತೊಂಬತ್ತಾರು ಭಾಗವನ್ನು ಇನ್‌ಸ್ಪೆಕ್ಟರರು ಒಬ್ಬರೇ ಮಾಡಿದ್ದಾರೆ."

ಸಾಹೇಬರು ಕುರ್ಚಿಯಲ್ಲಿ ಇಷ್ಟೆತ್ತರ ಬೆಳೆದರು. "ಕೇಳಿಸ್ತಾ? ತೊಂಬತ್ತಾರು! ಮೆಷಿನ್ನು ಹೇಳ್ತಿರೋದು, ನಾನಲ್ಲ!" ಡಾಕ್ಟರಮ್ಮನ ಚಮಚ ಗಾಳಿಯಲ್ಲೇ ನಿಂತಿತು.

"ಆದ್ದರಿಂದ ಅಂಥವರಿಗೆ..."

"ವಿಶ್ರಾಂತಿ!" ಎಂದು ಸಾಹೇಬರು ಹೇಳಿಕೊಟ್ಟರು.

"...ಮಾತ್ರವೇ ಹನ್ನೆರಡು ಅತಿಥಿಗಳ ಊಟದಂಥ ದೊಡ್ಡ ಹೊಣೆ ಒಪ್ಪಿಸಬಹುದು. ಭಾನುವಾರದ ಅಡುಗೆ, ಬಡಿಸುವುದು, ಪಾತ್ರೆ, ನೆಲ, ಎಲ್ಲವೂ ಇನ್‌ಸ್ಪೆಕ್ಟರರದು. ಬೇರೆಯವರಿಗೆ ಅನುಭವವಿಲ್ಲ. ಡಾಕ್ಟರಮ್ಮನವರ ಹೆಸರಿನಲ್ಲಿ ಹನ್ನೊಂದು ವರ್ಷದಲ್ಲಿ 'ಇತರೆ' ಎಂಬ ನಾಲ್ಕು ನಮೂದುಗಳು ಮಾತ್ರ ಇವೆ. ಅವರ ಕೈಗೆ ಹರಿತವಾದ ವಸ್ತು ಕೊಡುವುದು ಅಪಾಯ."

"ದಿನಕ್ಕೆ ಹತ್ತು ಹಲ್ಲು ಕೀಳೋ ಕೈ ಇದು!" ಎಂದರು ಡಾಕ್ಟರಮ್ಮ. ಕೋಪ ಬರಬೇಕಾದ ಜಾಗದಲ್ಲಿ ಅವರಿಗೆ ನಗು ಬಂದುಬಿಟ್ಟಿತ್ತು.

"ಅತ್ತೆಯವರ ಹೆಸರಿನಲ್ಲಿ 'ಸಲಹೆ' ಎಂಬ ನಮೂದು ಮುನ್ನೂರ ಹನ್ನೆರಡು ಸಲ ಇದೆ. ಅವರನ್ನು ಮೇಲ್ವಿಚಾರಕಿಯನ್ನಾಗಿ ನೇಮಿಸಲಾಗಿದೆ."

"ಮೊದಲನೇ ಸಲ ಈ ಮನೇಲಿ ಯಾರೋ ಬುದ್ಧಿವಂತರ ಥರ ಮಾತಾಡಿದ್ರು" ಎಂದು ಅತ್ತೆ ಕನ್ನಡಕ ಒರೆಸಿಕೊಂಡರು. ಬೇರೆಯವರಿಗೆ ಕುಣಿಕೆಯಾಗಲೆಂದು ಸಾಹೇಬರು ಹಾಕಿಸಿದ್ದ ಸಹಿಗಳೆಲ್ಲ ಅವರದೇ ಕುತ್ತಿಗೆಗೆ ಬಂದಿದ್ದವು. ಅವರು ಸ್ಟೂಲು ಹತ್ತಿ ಪೆಟ್ಟಿಗೆಯ ಕಿವಿಯೆಲ್ಲಿದೆಯೆಂದು ಹುಡುಕಿ, ಮೆಲ್ಲಗೆ ಹೇಳಿದರು: "ನೋಡಪ್ಪಾ, ನನಗೆ ಅಷ್ಟೆಲ್ಲಾ ಬರಲ್ಲ. ಹಾಲು ಕಾಯಿಸಿದ್ರೂ ಉಕ್ಕಿಸ್ತೀನಿ."

"ತಮ್ಮ ದಾಖಲೆಯಲ್ಲಿ ಒಂದು ತಪ್ಪೂ ಇಲ್ಲ. ಇದು ತಮ್ಮ ವಿನಯ. ವಿನಯವನ್ನೂ ಒಂದು ಅರ್ಹತೆಯಾಗಿ ಸೇರಿಸಿಕೊಳ್ಳಲಾಗಿದೆ."

ಸಾಹೇಬರು ಸ್ಟೂಲಿನಿಂದ ಇಳಿದರು. "ಅಷ್ಟೇ ತಾನೆ, ಬರೆದಿದ್ದು ಸುಳ್ಳು ಅಂತ ಹೇಳ್ಬಿಡಿ ಅಪ್ಪಾ" ಎಂದಳು ಮಗಳು. ಸುಳ್ಳೇ? ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು? "ಬರೆದಿದ್ದು ಬರೆದಿದ್ದೇ!" ಎಂದು ಗುಡುಗಿ, ಬ್ಯಾಗು ಹಿಡಿದು ಆಫೀಸಿಗೆ ಓಡಿದರು.

ಶುಕ್ರವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಕೆಳಮನೆಯ ಪಿಟೀಲು ಮೇಷ್ಟ್ರು. ಎಂದೂ ಒಂದು ಮಾತು ಹೆಚ್ಚಿಗೆ ಆಡದ ಸಂಕೋಚದ ಮನುಷ್ಯ. "ಸಾರ್, ತೊಂದ್ರೆ ಕೊಡ್ತಿದ್ದೀನಿ. ನಮ್ಮ ಸಿಂಕು ಕಟ್ಕೊಂಡಿದೆ. ಫೋನಲ್ಲಿ ಹುಡುಕಿದ್ರೆ 'ಸಮೀಪದ ತಜ್ಞರು' ಅಂತ ನಿಮ್ಮ ಹೆಸರೇ ಬಂತು. ಐದಕ್ಕೆ ಐದು ನಕ್ಷತ್ರ!"

ಮೂವತ್ತೆರಡು ಪುಟದಲ್ಲಿ ಹತ್ತೊಂಬತ್ತನೆಯ ಪುಟ ಏನು ಹೇಳುತ್ತಿತ್ತು ಎಂಬುದು ಈಗ ತಿಳಿಯಿತು! ಈ ಮನೆಯವರ ಅರ್ಹತೆಗಳನ್ನು ಸುತ್ತಮುತ್ತಲವರಿಗೆ ತೋರಿಸಬಹುದೆಂದು ಸಾಹೇಬರೇ ಒಪ್ಪಿದ್ದರು. ರಿಜಿಸ್ಟರಿನಲ್ಲಿ 'ಸಿಂಕ್ ದುರಸ್ತಿ, ನಾಲ್ಕು ಗಂಟೆ' ಎಂದು ಬರೆದದ್ದೂ ಅವರೇ. ಆವತ್ತು ರಿಪೇರಿ ಮಾಡಿದ್ದು ಪ್ಲಂಬರು. ಸಾಹೇಬರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅವನಿಗೆ ನ್ಯಾಯವಾದ ಅಳತೆಯ ಬಗ್ಗೆ ಭಾಷಣ ಮಾಡಿದ್ದರು.

"ನನಗೆ ಬರಲ್ಲ" ಎಂಬ ಮೂರಕ್ಷರದ ಎರಡು ಮಾತು ಅವರ ಗಂಟಲಿನವರೆಗೆ ಬಂತು. ಹೆಂಡತಿ ಹಿಂದೆಯೇ ನಿಂತಿದ್ದರು. ಮಾತು ವಾಪಸು ಹೋಯಿತು. "ಅದೇನು ಮಹಾ, ನಡೀರಿ!" ಎಂದು ತೋಳು ಮಡಚಿಕೊಂಡು ಕೆಳಗಿಳಿದರು.

ಇಪ್ಪತ್ತೇ ನಿಮಿಷ. ಕೆಳಮನೆಯಿಂದ ಮೊದಲು ಒಂದು 'ಟಣ್', ಆಮೇಲೆ ಒಂದು 'ಬುಸ್', ಆಮೇಲೆ "ಅಯ್ಯಯ್ಯೋ ಸಾರ್!" ಎಂಬ ಕೂಗು. ಸಾಹೇಬರು ತಿರುಪು ಬಿಚ್ಚಬೇಕಾದ ಪೈಪು ಬಿಟ್ಟು, ಬಿಚ್ಚಬಾರದ ಪೈಪು ಬಿಚ್ಚಿದ್ದರು. ನೀರು ಅವರ ಮೀಸೆಗೆ ಹೊಡೆದು, ಗೋಡೆಗೆ ಹೊಡೆದು, ಪಾಠದ ಕೋಣೆಗೆ ನುಗ್ಗಿತು. ಮೇಷ್ಟ್ರು ನಾಲ್ಕು ಪಿಟೀಲುಗಳನ್ನು ಎದೆಗವಚಿಕೊಂಡು ಮೇಜಿನ ಮೇಲೆ ಹತ್ತಿ ನಿಂತರು. ಡಾಕ್ಟರಮ್ಮ ಓಡಿ ಬಂದು ಹೊರಗಿನ ನಲ್ಲಿ ತಿರುಗಿಸಿದ ಮೇಲೆಯೇ ಪ್ರವಾಹ ನಿಂತಿದ್ದು.

ಶನಿವಾರ ಮಧ್ಯಾಹ್ನ ಪಿಟೀಲು ಮೇಷ್ಟ್ರು ಮತ್ತೆ ಬಂದರು. ಈ ಸಲ ಸಂಕೋಚ ಇರಲಿಲ್ಲ. ಫೋನನ್ನು ಸಾಹೇಬರ ಮೂಗಿನ ಕೆಳಗೆ ಹಿಡಿದರು. "ನಾನು ಇದ್ದದ್ದು ಇದ್ದ ಹಾಗೆ ದೂರು ಬರೆದೆ. ನಿಮ್ಮ ಪೆಟ್ಟಿಗೆ ಏನು ಉತ್ತರ ಕಳಿಸಿದೆ ಓದಿ!"

ಸಾಹೇಬರು ಓದಿದರು. 'ಹನ್ನೊಂದು ವರ್ಷದಲ್ಲಿ ಒಂದೂ ತಪ್ಪು ಮಾಡದ ತಜ್ಞರಿಂದ ಇಂಥ ತಪ್ಪು ಸಾಧ್ಯವಿಲ್ಲ. ತಮ್ಮ ದೂರು ಸುಳ್ಳೆಂದು ತಳ್ಳಿಹಾಕಲಾಗಿದೆ. ಸುಳ್ಳು ದೂರು ನೀಡುವವರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಸೇರಿಸಲಾಗಿದೆ.'

"ನನ್ನ ಮನೆ ಕೆರೆ ಆಗಿದೆ, ನಾನು ಸುಳ್ಳುಗಾರನಂತೆ!" ಎಂದರು ಮೇಷ್ಟ್ರು. ಅವರ ಧ್ವನಿ ನಡುಗುತ್ತಿತ್ತು. "ಇಪ್ಪತ್ತು ವರ್ಷದಿಂದ ಇದೇ ಮೆಟ್ಟಿಲಲ್ಲಿ ಓಡಾಡ್ತಿದ್ದೀನಿ ಸಾರ್. ಇಂಥ ಮಾತು ಯಾರ ಹತ್ರಾನೂ ಅನ್ನಿಸ್ಕೊಂಡಿರಲಿಲ್ಲ."

ಆ ಕ್ಷಣ ಸಾಹೇಬರಿಗೆ ನಿಜಕ್ಕೂ ನಾಚಿಕೆಯಾಯಿತು. ನೆಂದ ನೆಲದಿಂದ ಆಗದ ನಾಚಿಕೆ ಆ ನಡುಗುವ ಧ್ವನಿಯಿಂದ ಆಯಿತು. ಮೇಷ್ಟ್ರನ್ನು ಒಳಗೆ ಕರೆದು ಕೂರಿಸಿದರು. ಮೊಳೆಯಿಂದ ರಿಜಿಸ್ಟರು ಬಿಚ್ಚಿ, ಹಳೆಯ ಪುಸ್ತಕಗಳನ್ನೂ ತಂದಿಟ್ಟರು. ಕೆಂಪು ಪೆನ್ನು ತೆಗೆದರು. ಸ್ಟೂಲು ಹತ್ತದೆ, ಕೆಳಗೇ ನಿಂತು, "ಪೆಟ್ಟಿಗೇ, ಕೇಳಿಸ್ಕೋ. ದಾಖಲೆ ತಿದ್ದಬೇಕು" ಎಂದರು.

ಮೊದಲಿಗೆ ಮೇಷ್ಟ್ರ ದೂರು. "ಅವರು ಹೇಳಿದ್ದೇ ನಿಜ. ಪೈಪು ಬಿಚ್ಚಿದ್ದು ನಾನು. ನನಗೆ ಆ ಕೆಲಸ ಬರಲ್ಲ." ಅಷ್ಟು ಸಣ್ಣ ಮಾತು ಒಂದು ದಿನ ತಡವಾಗಿ ಹೊರಬಿತ್ತು. ಮೇಷ್ಟ್ರು ನಿಟ್ಟುಸಿರುಬಿಟ್ಟು, "ಆಯ್ತು ಬಿಡಿ ಸಾರ್, ನೆಲ ಒರೆಸೋಕೆ ಒಂದು ಕೈ ಕೊಟ್ರೆ ಸಾಕು" ಎಂದು ಎದ್ದು ಹೋದರು.

ಆಮೇಲೆ ಶುರುವಾಯಿತು ತೂಕ. ಸಾಹೇಬರು ಓದುವುದು, ಮನೆಯವರು ತಿದ್ದುವುದು.

"'ಬಲ್ಬು ಬದಲಾವಣೆ, ಮೂರು ಗಂಟೆ.'"

"ಹಾಕಿದ್ದು ನಾನು. ನೀವು ಏಣಿ ಹಿಡ್ಕೊಂಡು ಫೋನಲ್ಲಿ ಮಾತಾಡ್ತಿದ್ರಿ. ಮಧ್ಯದಲ್ಲಿ ಏಣೀನೂ ಬಿಟ್ರಿ" ಎಂದರು ಡಾಕ್ಟರಮ್ಮ.

"'ಅಡುಗೆಯ ಗುಣಮಟ್ಟ ಪರೀಕ್ಷೆ, ಪ್ರತಿದಿನ, ಒಂದು ಗಂಟೆ.'"

"ಅದನ್ನ ಊಟ ಅಂತಾರೆ!" ಎಂದರು ಅತ್ತೆ.

"'ಸೋಫಾ ಗಟ್ಟಿಯಿದೆಯೇ ಎಂದು ಪರಿಶೀಲನೆ, ಭಾನುವಾರ, ಮೂರೂವರೆ ಗಂಟೆ.'" ಇದಕ್ಕೆ ಯಾರೂ ಏನೂ ಹೇಳಬೇಕಾಗಲಿಲ್ಲ. ಸಾಹೇಬರೇ ಕೆಂಪು ಗೀಟು ಎಳೆದು 'ನಿದ್ದೆ' ಎಂದು ಬರೆದರು. ಮಗಳು ನೆಲದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು.

ಆರನೆಯ ಪುಸ್ತಕದಲ್ಲಿ ಒಂದು ಸಾಲು ಬಂತು. "'ಮಗಳಿಗೆ ಜ್ವರ. ರಾತ್ರಿ ಪೂರಾ ಎಚ್ಚರವಿದ್ದು ಆರೈಕೆ, ಎಂಟು ಗಂಟೆ.'" ಸಾಹೇಬರು ಕನ್ನಡಕ ತೆಗೆದರು. "ನಾನು ಹತ್ತು ಗಂಟೆಗೇ ಮಲಗಿದ್ದೆ. ಕೂತಿದ್ದು ಇವಳು. ಬೆಳಿಗ್ಗೆ ಎದ್ದು ಇವಳು ಕ್ಲಿನಿಕ್ಕಿಗೆ ಹೋದ್ಲು, ನಾನು ಇಲ್ಲಿ ನಿಂತು ಇದನ್ನ ಬರೆದೆ" ಎಂದು ಹೇಳಿ, ತಾವಾಗಿಯೇ ಹೆಸರು ತಿದ್ದಿದರು. ಮಗಳ ನಗು ನಿಂತಿತ್ತು.

ಟೀ ಹೊತ್ತಿಗೆ ಹನ್ನೊಂದು ಪುಸ್ತಕವೂ ಮುಗಿಯಿತು. ಕೆಂಪು ಪೆನ್ನೂ ಮುಗಿಯಿತು. ಪೆಟ್ಟಿಗೆ ಗಂಟಲು ಸರಿಪಡಿಸಿಕೊಂಡಿತು.

"ಮಾನ್ಯರೇ, ತಿದ್ದಿದ ದಾಖಲೆಯಂತೆ ಈ ಮನೆಯ ಕೆಲಸದಲ್ಲಿ ನೂರಕ್ಕೆ ಎಂಬತ್ತೆಂಟು ಭಾಗ ಡಾಕ್ಟರಮ್ಮನವರದು. ಅತ್ಯಂತ ಅನುಭವಿಗಳು ಅವರೇ. ಆದ್ದರಿಂದ ಭಾನುವಾರದ ಸಂಪೂರ್ಣ ಹೊಣೆ ಡಾಕ್ಟರಮ್ಮನವರಿಗೆ. ಇನ್‌ಸ್ಪೆಕ್ಟರರಿಗೆ ಅನುಭವವಿಲ್ಲ. ಅವರನ್ನು ಅಡುಗೆಮನೆಯಿಂದ ದೂರವಿಡುವುದು ಕ್ಷೇಮ."

ಸಾಹೇಬರ ಎದೆಯೊಳಗೆ ಟೇಬಲ್ ಟೆನಿಸ್ ಚೆಂಡೊಂದು ಟಪ್ಪೆಂದು ಪುಟಿಯಿತು. ಬಿಡುಗಡೆ! ಫೈನಲ್! ಒಂದೇ ಒಂದು ಕ್ಷಣ, ಅಷ್ಟೇ. ಯಾಕೆಂದರೆ ಆಗ ಡಾಕ್ಟರಮ್ಮ ನಕ್ಕರು. ಅದು ಗುರುವಾರದ ನಗು ಆಗಿರಲಿಲ್ಲ.

"ಮಾಡದೇ ಇರೋರಿಗೆ ಅನುಭವ ಇಲ್ಲ, ಅದಕ್ಕೇ ಅವರಿಗೆ ಕೊಡಬಾರದು. ಮಾಡೋರಿಗೆ ಅನುಭವ ಇದೆ, ಅದಕ್ಕೇ ಅವರೇ ಮಾಡ್ಬೇಕು. ಹನ್ನೊಂದು ವರ್ಷದಿಂದ ಈ ಮನೇಲಿ ಇದೇ ತೀರ್ಪು ಕಣ್ರೀ. ಇದನ್ನ ಹೇಳೋಕೆ ಪೆಟ್ಟಿಗೆ ಬೇರೆ ತರಬೇಕಿತ್ತಾ?"

ಅಷ್ಟು ಹೇಳಿ, ಬಾಗಿಲ ಹಿಂದೆ ಸಿದ್ಧವಾಗಿಟ್ಟಿದ್ದ ಈಜಿನ ಚೀಲವನ್ನು ಎತ್ತಿಕೊಂಡು, ಒಳಗಿಟ್ಟುಬಿಡಲು ಬೀರುವಿನ ಕಡೆ ನಡೆದರು. ಚೀಲದ ಬಾಯಿಂದ ನೀಲಿ ಟೋಪಿ ಇಣುಕುತ್ತಿತ್ತು.

"ಅದನ್ನ ಅಲ್ಲೇ ಇಡು" ಎಂದರು ಸಾಹೇಬರು. ಅವರ ಧ್ವನಿ ಅವರಿಗೇ ಹೊಸದಾಗಿತ್ತು. ಬ್ಯಾಗಿನಿಂದ ಒಂದು ಕೆಂಪು ಚೀಟಿ ತೆಗೆದು, ನಾಲಿಗೆಗೆ ತಾಗಿಸಿ, ರಿಜಿಸ್ಟರಿನ ರಟ್ಟಿನ ಮೇಲೆ ಒತ್ತಿ ಅಂಟಿಸಿದರು. 'ತೂಕದಲ್ಲಿ ಮೋಸ, ಬಳಸಕೂಡದು.' ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕೈ ಅಳುಕಿತು. "ನಾಳೆ ನಾನೇ ಮಾಡ್ತೀನಿ. ಫೈನಲ್ ಬಿಟ್ಟುಬಿಡ್ತೀನಿ. ನೀನು ಈಜೋಕೆ ಹೋಗು."

"ನೀವು? ಅಡುಗೆ?" ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟರು. "ನೋಡಿ, ಬರ್ತಿರೋ ಹನ್ನೆರಡೂ ಜನ ನನ್ನ ಜೀವದ ಗೆಳತಿಯರು. ಅವರು ಬದುಕಿರಬೇಕು!"

"ಒಂದು ನಿಮಿಷ" ಎಂದಳು ಮಗಳು. "ಅಮ್ಮಾ, ನಿನ್ನ ಪರೀಕ್ಷೆ ಎಷ್ಟು ಗಂಟೆಗೆ?"

"ಏಳೂವರೆಗೆ. ಒಂಬತ್ತಕ್ಕೆಲ್ಲ ಮನೇಲಿರ್ತೀನಿ."

"ಅಪ್ಪಾ, ನಿಮ್ಮ ಫೈನಲ್ಲು?"

"ಹನ್ನೊಂದೂವರೆಗೆ."

ಸೋಮವಾರದಿಂದ ಆರು ದಿನ ಜಗಳವಾಡಿ, ಪೆಟ್ಟಿಗೆ ತಂದು, ಕರಾರು ಬರೆದು, ಕೆಳಮನೆ ಮುಳುಗಿಸಿದ ಮೇಲೂ ಗಂಡ ಹೆಂಡತಿ ಈ ಒಂದು ಪ್ರಶ್ನೆಯನ್ನು ಒಬ್ಬರನ್ನೊಬ್ಬರು ಕೇಳಿರಲಿಲ್ಲ!

"ಎರಡನೇ ಕ್ಲಾಸಿನ ಲೆಕ್ಕ" ಎಂದರು ಹೆಡ್‌ಮಿಸ್ಟ್ರೆಸ್. "ಇಬ್ಬರಿಗೂ ಸೊನ್ನೆ."

"ನನ್ನ ಪ್ರಬಂಧಕ್ಕೆ ಉದಾಹರಣೆ ಸಿಕ್ತು" ಎಂದಳು ಮಗಳು. "ಹೆಸರು ಹಾಕಲ್ಲ ಅಪ್ಪಾ, ಹೆದರಬೇಡಿ."

ಶನಿವಾರ ಸಂಜೆ ಸಾಹೇಬರು ಕೆಳಮನೆಯ ನೆಲ ಒರೆಸಿದರು. ಭಾನುವಾರ ಬೆಳಿಗ್ಗೆ ಆರೂವರೆಯಿಂದ ಮೇಲ್ವಿಚಾರಕಿಯ ಎದುರು ಕೂತು ಈರುಳ್ಳಿ ಹೆಚ್ಚಿದರು. ಒಂದೊಂದು ಹೋಳೂ ಒಂದೊಂದು ಅಳತೆ! ಕಣ್ಣೀರು ಮಾತ್ರ ಎರಡೂ ಕಡೆ ಸಮವಾಗಿತ್ತು. ಒಂಬತ್ತಕ್ಕೆ ಡಾಕ್ಟರಮ್ಮ ಒದ್ದೆ ಕೂದಲಿನಲ್ಲಿ ಬಂದರು. ಯಾರೂ ಕೇಳುವ ಮುನ್ನವೇ "ಆ ತುದಿ ಮುಟ್ಟಿದೆ ಕಣ್ರೀ!" ಎಂದು ಕೂಗಿದರು. ಚಿಕ್ಕ ಹುಡುಗಿಯ ಹಾಗೆ ಅಡುಗೆಮನೆಯ ನಡುವೆ ನಿಂತು ಕೈ ಬೀಸಿ ಈಜಿ ತೋರಿಸಿದರು. ಸಾಹೇಬರಿಗೆ ಬಹಳ ಖುಷಿಯಾಯಿತು. ಕಣ್ಣು ಒರೆಸಿಕೊಂಡರು. ಈರುಳ್ಳಿ ಇದ್ದದ್ದು ಒಳ್ಳೆಯದೇ ಆಯಿತು.

ಹನ್ನೊಂದಕ್ಕೆ ಹೊರಟವರು ಅತಿಥಿಗಳ ಊಟ ಮುಗಿಯುವ ಹೊತ್ತಿಗೆ ವಾಪಸಾದರು. ಕೈಯಲ್ಲೊಂದು ಪುಟ್ಟ ಎರಡನೇ ಬಹುಮಾನದ ಕಪ್ಪು.

"ಏನಾಯ್ತು?" ಎಂದರು ಡಾಕ್ಟರಮ್ಮ. ಮಗಳೂ ಅತ್ತೆಯೂ ಕಿವಿ ನಿಮಿರಿಸಿದರು. ಕೂದಲೆಳೆಯ ಅಂತರ, ಅಂಪೈರನ ಮೋಸ, ಎಡಗಾಲಿನ ಉಳುಕು, ಏನಾದರೊಂದು ಬರಲೇಬೇಕಿತ್ತು.

"ಸೋತೆ" ಎಂದರು ಸಾಹೇಬರು. "ಮೂರು ಗೇಮಲ್ಲಿ ಒಟ್ಟು ಏಳು ಪಾಯಿಂಟ್ ಬಂತು. ಅದರಲ್ಲಿ ಐದು ಅವನೇ ತಪ್ಪು ಹೊಡೆದು ಕೊಟ್ಟಿದ್ದು." ಕಪ್ಪನ್ನು ಮೇಜಿನ ಮೇಲಿಟ್ಟು, "ಇನ್ನೂ ಒಂದು ವಿಷಯ. ನಾನು ಫೈನಲ್ಲಿಗೆ ಬಂದದ್ದೂ ಎದುರಾಳಿಗಳು ಬರದೇ ಇದ್ದದ್ದಕ್ಕೆ. ಒಬ್ಬನಿಗೆ ಬಸ್ಸು ತಪ್ಪಿತ್ತು. ಇನ್ನೊಬ್ಬನಿಗೆ ಹಲ್ಲುನೋವು."

"ಗೊತ್ತು" ಎಂದರು ಡಾಕ್ಟರಮ್ಮ. "ಆ ಹಲ್ಲು ಕಿತ್ತಿದ್ದು ನಾನೇ!"

ಊಟದ ಕೋಣೆಯಲ್ಲಿ ಹನ್ನೆರಡು ಟೀಚರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕರು. ನಗುತ್ತಲೇ ಅಡುಗೆಮನೆಗೆ ಹೋಗಿ, ತೋಳು ಮಡಚಿ, ಸಿಂಕಿನ ಮುಂದೆ ನಿಂತರು. ಎದೆಮಟ್ಟಕ್ಕೆ ಪೇರಿಸಿದ ತಟ್ಟೆಗಳು. ಮೊದಲನೆಯದನ್ನು ತೆಗೆದು, ಉಜ್ಜಿ, ತೊಳೆದು, ಬೆಳಕಿಗೆ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟು, "ಒಂದು ತಟ್ಟೆ ತೊಳೆದೆ" ಎಂದು ತಮಗೆ ತಾವೇ ಹೇಳಿಕೊಂಡರು.

ಫ್ರಿಜ್ಜಿನ ಮೇಲಿದ್ದ ಪೆಟ್ಟಿಗೆಯನ್ನು ಆರಿಸಲು ಎಲ್ಲರೂ ಮರೆತಿದ್ದರು. ಅದು ಮನೆಗೆಲ್ಲ ಕೇಳಿಸುವಂತೆ ಹೇಳಿತು: "ಮಾನ್ಯರೇ, ಪಾತ್ರೆ ತೊಳೆಯುವ ವಿಭಾಗದಲ್ಲಿ ಇನ್‌ಸ್ಪೆಕ್ಟರರ ಮೊಟ್ಟಮೊದಲ ನಮೂದು ದಾಖಲಾಗಿದೆ. ಒಂದು ತಟ್ಟೆ. ಹೊಸಬರಿಗೆ ಹಾರ್ದಿಕ ಸ್ವಾಗತ!"